ಅಪ್ಪನ ಅಂಬಾಸಿಡರಿಗೆ ಹೊಸ ಆಲ್ಟರ್ನೇಟರ್: ಬಳಕೆದಾರರ ಕೈಪಿಡಿ

ಮೊದಲು ಇದನ್ನು ಓದಿ

ಹಳೆಯ ಕಾರಿಗೆ ಹೆಚ್ಚು ಕರೆಂಟು ಕೊಡುವ ಆಲ್ಟರ್ನೇಟರ್ ಹಾಕಿಸಬೇಕೆಂದು ನಿರ್ಧರಿಸಿದ ತಮಗೆ ಅಭಿನಂದನೆಗಳು. ಈ ನಿರ್ಧಾರವನ್ನು ತಾವು ಬಹುಶಃ ರಾತ್ರಿ ಹೊತ್ತಿನಲ್ಲಿ, ಮಳೆಯಲ್ಲಿ, ಕಾರು ತಳ್ಳುತ್ತಾ ಕೈಗೊಂಡಿದ್ದೀರಿ. ಅಂಥ ಹೊತ್ತಿನಲ್ಲಿ ಮಾಡಿದ ಶಪಥವನ್ನು ಬೆಳಗಿನ ಕಾಫಿ ಆದ ಮೇಲೆ ಇನ್ನೊಮ್ಮೆ ಪರಿಶೀಲಿಸುವುದು ಕ್ಷೇಮ. ಅದಕ್ಕಾಗಿಯೇ ಈ ಕೈಪಿಡಿ.

ಇದು 1978ರ ಒಂದು ಅಂಬಾಸಿಡರ್ ಮಾರ್ಕ್ 3 ಕೊಟ್ಟ ಕಾಟದ ಆಧಾರದ ಮೇಲೆ ರಚಿತವಾದದ್ದು. ಪದ್ಮಿನಿ, ಹೆರಾಲ್ಡ್, ಹಳೇ ಜೀಪು ಇಟ್ಟುಕೊಂಡವರೂ ಓದಬಹುದು. ಬೋಲ್ಟಿನ ಅಳತೆ ಬೇರೆ, ಬವಣೆ ಒಂದೇ. ಒಂದು ಕಡೆ ‘ಚಿತ್ರ ನೋಡಿ’ ಎಂದು ಸೂಚಿಸಲಾಗಿದೆ. ಚಿತ್ರ ಬರೆದುಕೊಡುತ್ತೇನೆಂದಿದ್ದ ನನ್ನ ಭಾವಮೈದ ಎರಡು ವರ್ಷದಿಂದ ಪೆನ್ಸಿಲ್ ಕೆತ್ತುತ್ತಿದ್ದಾನೆ. ಅಲ್ಲಿಯವರೆಗೆ ಬಾನೆಟ್ ಎತ್ತಿ ನೋಡಿ, ಅದೇ ಚಿತ್ರ.

ಉಪಕರಣದ ಗುರುತು

ಇಂಜಿನ್ನಿನ ಪಕ್ಕದಲ್ಲಿ ಫ್ಯಾನ್ ಬೆಲ್ಟಿಗೆ ಸಿಕ್ಕಿಕೊಂಡು ತಿರುಗುವ ಉದ್ದನೆಯ ಡಬ್ಬಿ ಕಂಡರೆ ಅದು ಡೈನಮೊ. ಗಿಡ್ಡಗೆ, ದಪ್ಪಗೆ, ಮೈತುಂಬ ಗಾಳಿಕಿಂಡಿ ಇದ್ದರೆ ಆಲ್ಟರ್ನೇಟರ್. ಎರಡೂ ಕಾಣದೆ ಬರೀ ಜಿಡ್ಡು ಕಂಡರೆ ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಈ ಪ್ಯಾರಾವನ್ನು ಮತ್ತೆ ಓದಿ.

ಅಂಬಾಸಿಡರ್ ಎಂಬುದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಿಂದ ಬಂದು, ಕೋಲ್ಕತ್ತದ ಹತ್ತಿರದ ಉತ್ತರಪಾರಾದಲ್ಲಿ ಐವತ್ತು ವರ್ಷಕ್ಕೂ ಹೆಚ್ಚು ಕಾಲ ತಯಾರಾಗಿ, 2014ರ ಮೇ ತಿಂಗಳಲ್ಲಿ ನಿಂತುಹೋದ ಗಾಡಿ. ನಮ್ಮದರಲ್ಲಿ ಇದ್ದದ್ದು 1489 ಸಿಸಿ ಪೆಟ್ರೋಲ್ ಇಂಜಿನ್ನು, ಲ್ಯೂಕಸ್ ಸಿ40 ಜಾತಿಯ ಡೈನಮೊ. ಆ ಡೈನಮೊದ ಪೂರ್ತಿ ತಾಕತ್ತು 22 ಆಂಪಿಯರ್. ಅದಕ್ಕಿಂತ ಒಂದು ಆಂಪಿಯರ್ ಜಾಸ್ತಿ ಕೇಳಿದರೂ ಅದು ಬ್ಯಾಟರಿಯ ಕಡೆ ಕೈ ತೋರಿಸುತ್ತಿತ್ತು.

ತಿಪಟೂರಿನಲ್ಲಿ ಅಪ್ಪನದು ಕೊಬ್ಬರಿ ವ್ಯಾಪಾರ. ಅವರಿಗೆ 22 ಆಂಪಿಯರ್ ಸಾಕಿತ್ತು. ಸಾಕಾಗುವಂತೆ ಬದುಕುತ್ತಿದ್ದರು ಅನ್ನಬೇಕು. ಬೆಳದಿಂಗಳಿದ್ದರೆ ಹೆಡ್‌ಲೈಟ್ ದಂಡ ಎನ್ನುತ್ತಿದ್ದರು. ರೈಲ್ವೆ ಗೇಟು ಬಿದ್ದರೆ ಸಾಕು, ಅವರ ಕೈ ತಾನೇ ತಾನಾಗಿ ಹೆಡ್‌ಲೈಟಿನ ಸ್ವಿಚ್ಚಿಗೆ ಹೋಗುತ್ತಿತ್ತು. ಕತ್ತಲಲ್ಲಿ ಕೂತ ನಾವು ಮಕ್ಕಳು ಇದನ್ನು ಜಿಪುಣತನ ಎಂದು ತೀರ್ಮಾನಿಸಿದ್ದೆವು. ವ್ಯಾಪಾರಿ ಅಲ್ಲವೇ, ಬೆಳಕನ್ನೂ ತೂಕ ಹಾಕುತ್ತಾರೆ ಎಂದು.

ಕೆಲಸ ಮಾಡುವ ಬಗೆ

ಡೈನಮೊದಲ್ಲಿ ಕರೆಂಟು ಹುಟ್ಟುವ ಸುರುಳಿಯೇ ಗಿರಗಿರ ತಿರುಗುತ್ತದೆ. ಹುಟ್ಟಿದ್ದನ್ನೆಲ್ಲ ಎರಡು ಕಾರ್ಬನ್ ತುಂಡುಗಳು ಒತ್ತಿ ಹಿಡಿದು ಹೊರಗೆ ತರಬೇಕು. ಓಡುತ್ತಿರುವ ಬಸ್ಸಿನ ಟಾಪಿನಿಂದ ಕೊಬ್ಬರಿ ಮೂಟೆ ಇಳಿಸಿದ ಹಾಗೆ. ಮೂಟೆ ಜಾಸ್ತಿಯಾದಷ್ಟೂ ಕಿಡಿ, ಸವೆತ. ಆಲ್ಟರ್ನೇಟರಿನಲ್ಲಿ ಇದು ತಿರುಗುಮುರುಗು. ಕರೆಂಟು ಹುಟ್ಟುವ ಸುರುಳಿ ಹೊರಗೆ ಕದಲದೆ ಕೂತಿರುತ್ತದೆ. ಒಳಗೆ ತಿರುಗುವುದು ಅಯಸ್ಕಾಂತ ಮಾತ್ರ. ಅದಕ್ಕೆ ಬೇಕಾದ ಮೂರು ನಾಲ್ಕು ಆಂಪಿಯರನ್ನಷ್ಟೇ ಕಾರ್ಬನ್ ಹೊತ್ತರೆ ಆಯಿತು. ಬಸ್ಸು ನಿಂತಿದೆ, ಮೂಟೆ ಆರಾಮಾಗಿ ಇಳಿಯುತ್ತಿವೆ, ಕಂಡಕ್ಟರ್ ಒಬ್ಬ ಸುತ್ತ ಓಡುತ್ತಿದ್ದಾನೆ.

ಹಾಗೆ ಹುಟ್ಟುವುದು ಎ.ಸಿ. ಕರೆಂಟು. ಬ್ಯಾಟರಿಗೆ ಅದು ಆಗಿಬರುವುದಿಲ್ಲ. ಆರು ಡಯೋಡುಗಳು ಬಾಗಿಲಲ್ಲಿ ನಿಂತು ಒಂದೇ ದಿಕ್ಕಿಗೆ ಬಿಡುತ್ತವೆ. ಫ್ಯಾರಡೆ ಇದರ ತತ್ವವನ್ನು ಕಂಡುಹಿಡಿದದ್ದು 1831ರಲ್ಲೇ ಆದರೂ ಜನಸಾಮಾನ್ಯರ ಕಾರಿಗೆ ಆಲ್ಟರ್ನೇಟರ್ ಬರಲು ಅಗ್ಗದ ಸಿಲಿಕಾನ್ ಡಯೋಡು ಹುಟ್ಟುವವರೆಗೆ ಕಾಯಬೇಕಾಯಿತು. ಅಮೆರಿಕದಲ್ಲಿ ಕ್ರೈಸ್ಲರ್ ಕಂಪನಿ 1960ರ ವೇಲಿಯಂಟ್ ಕಾರಿನಲ್ಲಿ ಅದನ್ನು ಕೊಟ್ಟಿತು. ನಮ್ಮ ಗಾಡಿ ಹುಟ್ಟಿದ್ದು ಅದಾಗಿ ಹದಿನೆಂಟು ವರ್ಷಕ್ಕೆ, ಆದರೂ ಡೈನಮೊ ಜೊತೆಗೇ ಬಂತು. ಉತ್ತರಪಾರಾದಲ್ಲಿ ಯಾರಿಗೂ ಅವಸರ ಇರಲಿಲ್ಲ.

ಎಚ್ಚರಿಕೆ: ಧನ, ಋಣ, ಭೂಮಿ

ಬ್ರಿಟಿಷ್ ಮೂಲದ ಹಳೆಯ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಬಾಡಿಗೆ, ಅಂದರೆ ಅರ್ತಿಗೆ, ಜೋಡಿಸುವ ಪದ್ಧತಿ ಇತ್ತು. ಧನ ಭೂಮಿಗೆ. ಈಗಿನ ಕಾರುಗಳಲ್ಲಿ ಋಣ ಭೂಮಿಗೆ. ಅಪ್ಪನ ಕಾಲದವರು ಧನ ಬಂದರೆ ಭೂಮಿಗೆ ಹಾಕುತ್ತಿದ್ದರು, ನಾವು ಭೂಮಿಗಾಗಿ ಋಣ ಮಾಡುತ್ತೇವೆ. ಕಾರಿನ ವೈರಿಂಗಿಗೂ ಇದು ಹೇಗೋ ತಿಳಿದಿದೆ. ನಿಮ್ಮ ಗಾಡಿಯದು ಯಾವ ಪದ್ಧತಿ ಎಂದು ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಳ್ಳಿ. ಉಲ್ಟಾ ಜೋಡಿಸಿದರೆ ಡೈನಮೊ ಸಹಿಸಿಕೊಳ್ಳಬಹುದು, ಆಲ್ಟರ್ನೇಟರಿನ ಡಯೋಡುಗಳು ಸಹಿಸುವುದಿಲ್ಲ. ಅವು ಸಾಯುವಾಗ ಸದ್ದು ಬರುವುದಿಲ್ಲ, ಒಂದು ವಾಸನೆ ಬರುತ್ತದೆ. ಅಂಗಡಿಯವರು ಆ ವಾಸನೆಯನ್ನು ವಾರಂಟಿಯಲ್ಲಿ ಸೇರಿಸುವುದಿಲ್ಲ.

ಹಂತ 1: ಮನೆಯ ಖರ್ಚಿನ ಲೆಕ್ಕ

ಕಾಗದ, ಪೆನ್ನು ತೆಗೆದುಕೊಳ್ಳಿ. ಸ್ಥಳ: ಬೆಂಗಳೂರಿನ ತುಮಕೂರು ರಸ್ತೆಯ ಗೊರಗುಂಟೆಪಾಳ್ಯದ ಸಿಗ್ನಲ್. ಸಮಯ: ಶುಕ್ರವಾರ ರಾತ್ರಿ ಎಂಟು, ಊರಿಗೆ ಹೊರಟವರೆಲ್ಲ ರಸ್ತೆಯಲ್ಲಿ. ಮಳೆ.

60 ವ್ಯಾಟಿನ ಎರಡು ಹೆಡ್‌ಲೈಟಿಗೆ ಸುಮಾರು 9 ಆಂಪಿಯರ್. ಹಿಂದಿನ ದೀಪ, ನಂಬರ್ ಪ್ಲೇಟಿನ ದೀಪ, ಡ್ಯಾಶ್‌ಬೋರ್ಡಿನ ಮಿಣುಕು ಎಲ್ಲ ಸೇರಿ 3. ಬ್ರೇಕ್ ಒತ್ತಿ ನಿಂತಿದ್ದೀರಿ, ಅದಕ್ಕೊಂದು 3. ಇಗ್ನಿಷನ್ ಕಾಯಿಲಿಗೆ 4. ವೈಪರಿಗೆ 4. ಇಲ್ಲಿಗೆ 23 ಆಯಿತು. ಅಪ್ಪನ ಡೈನಮೊ ಹೆದ್ದಾರಿಯಲ್ಲಿ ಪೂರ್ತಿ ಓಡಿದ್ದರೂ ಒಂದು ಕಡಿಮೆ. ಇನ್ನು ನಿಮ್ಮ ಸೇರ್ಪಡೆಗಳು. ನನ್ನ ಹೆಂಡತಿ “ಎ.ಸಿ. ಇಲ್ಲದ ಕಾರಿನಲ್ಲಿ ನಾನು ತಿಪಟೂರಿಗೆ ಬರಲ್ಲ, ನಿಮ್ಮಮ್ಮಂಗೆ ನೀವೇ ಹೇಳ್ಕೊಳ್ಳಿ” ಎಂದ ಮೇಲೆ ಡ್ಯಾಶಿನ ಕೆಳಗೆ ನೇತುಹಾಕುವ ಎ.ಸಿ. ಕಿಟ್ ಬಂತು. ಅದರ ಬ್ಲೋಯರಿಗೆ 8, ಕಂಪ್ರೆಸರಿನ ಕ್ಲಚ್ಚಿಗೆ 4, ಮುಂದಿನ ಕಂಡೆನ್ಸರ್ ಫ್ಯಾನಿಗೆ 10. ಮಗಳ ಹಾಡು, ಎಲ್ಲರ ಫೋನಿನ ಚಾರ್ಜು ಸೇರಿ 5.

ಒಟ್ಟು 50 ಆಂಪಿಯರ್. ಬೇರೆ ಗಾಡಿಯಾದರೆ ಬೇರೆ ಲೆಕ್ಕ. ಆದರೆ ಕೂಡುವ ಕೆಲಸವನ್ನು ಅಂಗಡಿಯವರಿಗೆ ಬಿಡಬೇಡಿ, ಅವರು ಗುಣಿಸುತ್ತಾರೆ.

ಇನ್ನು ಆದಾಯ. ಸಿಗ್ನಲಿನಲ್ಲಿ ನಿಂತ ಇಂಜಿನ್ನು ನಿಮಿಷಕ್ಕೆ 700, 800 ಸುತ್ತು ತಿರುಗುತ್ತಿರುತ್ತದೆ. ಪುಸ್ತಕದಲ್ಲಿ ಇದಕ್ಕೆ ಐಡ್ಲಿಂಗ್ ಎನ್ನುತ್ತಾರೆ. ತಿಪಟೂರಿನ ನಮ್ಮ ಮೇಸ್ತ್ರಿಯ ಬಾಯಲ್ಲಿ ಅದು ‘ಇಡ್ಲಿಂಗು’. ಆ ವೇಗದಲ್ಲಿ ಡೈನಮೊ ಕೊಡುವುದು ಹೆಚ್ಚುಕಡಿಮೆ ಸೊನ್ನೆ. ಡ್ಯಾಶ್‌ಬೋರ್ಡಿನ ಕೆಂಪು ದೀಪವನ್ನು ಉರಿಸುವುದೇ ಅದರ ಸಾಧನೆ. ಆದಾಯ ಸೊನ್ನೆ, ಖರ್ಚು 50, ಬ್ಯಾಂಕಿನಲ್ಲಿರುವುದು ಒಂದು ಬ್ಯಾಟರಿ. ಗೊರಗುಂಟೆಪಾಳ್ಯದಲ್ಲಿ ನಲವತ್ತು ನಿಮಿಷ ನಿಂತರೆ ಪೀಣ್ಯ ದಾಟುವ ಮುಂಚೆ ತಳ್ಳುವವರನ್ನು ಹುಡುಕಬೇಕು.

ಹಂತ 2: ಚೀಟಿ ಓದುವ ಕ್ರಮ

ಈ ಕೈಪಿಡಿಯಲ್ಲಿ ಬೇರೆಲ್ಲ ಮರೆತರೂ ಈ ಹಂತವನ್ನು ಮರೆಯಬಾರದು. ನಾನು ಇದನ್ನು ಕಲಿತದ್ದು ದುಡ್ಡು ಕೊಟ್ಟ ಮೇಲೆ.

ಅಂಗಡಿಯಲ್ಲಿ ಆಲ್ಟರ್ನೇಟರನ್ನು ಒಂದೇ ಸಂಖ್ಯೆಯಿಂದ ಕರೆಯುತ್ತಾರೆ. ತೊಂಬತ್ತರದು, ನೂರಿಪ್ಪತ್ತರದು, ಹೀಗೆ. ಅದು ಆಲ್ಟರ್ನೇಟರಿನ ಶಾಫ್ಟು ನಿಮಿಷಕ್ಕೆ 6000 ಸುತ್ತು ತಿರುಗಿದಾಗಿನ ಮಾತು. ಅಂದರೆ ಹೆದ್ದಾರಿಯಲ್ಲಿ, ರಸ್ತೆ ಖಾಲಿ ಇದ್ದಾಗ, ನಿಮಗೆ ಯಾವ ಕಷ್ಟವೂ ಇಲ್ಲದಾಗ ಅದು ಕೊಡುವ ಕರೆಂಟು. ಹೊಸ ಗಾಡಿಗಳ ಅನೇಕ ಆಲ್ಟರ್ನೇಟರುಗಳ ಬೆನ್ನಿನ ಚೀಟಿಯಲ್ಲಿ ಎರಡು ಸಂಖ್ಯೆ ಇರುತ್ತವೆ: 14 ವೋಲ್ಟ್, 45/75 ಆಂಪಿಯರ್ ಎಂಬ ರೀತಿಯಲ್ಲಿ. ಮೊದಲಿನದು ಶಾಫ್ಟು 1500 ಸುತ್ತು ತಿರುಗುವಾಗ ಸಿಗುವುದು. ಇಂಜಿನ್ನಿನ ಪುಲ್ಲಿ ಆಲ್ಟರ್ನೇಟರಿನ ಪುಲ್ಲಿಗಿಂತ ಎರಡರಷ್ಟು ದೊಡ್ಡದಾಗಿದ್ದರೆ, ಇಂಜಿನ್ನಿನ 750 ಸುತ್ತಿಗೆ ಆಲ್ಟರ್ನೇಟರ್ 1500 ತಿರುಗುತ್ತದೆ. ಅಂದರೆ ಆ ಮೊದಲ ಸಂಖ್ಯೆಯೇ ಗೊರಗುಂಟೆಪಾಳ್ಯ.

ಹೆಣ್ಣು ನೋಡಲು ಬಂದ ಮನೆಯವರು ಹುಡುಗ ವರ್ಷದಲ್ಲಿ ಅತಿ ಹೆಚ್ಚು ಸಂಪಾದಿಸಿದ ತಿಂಗಳಿನ ಲೆಕ್ಕ ಹೇಳಿಹೋಗುತ್ತಾರೆ. ಕೇಳಬೇಕಾದ್ದು ಆಷಾಢದ ಲೆಕ್ಕ.

ಅದೂ ತಣ್ಣಗಿರುವಾಗಿನ ಲೆಕ್ಕವೋ, ಕಾದ ಮೇಲಿನದೋ ಎಂದೂ ಕೇಳಿ. ಬಾನೆಟ್ಟಿನ ಕೆಳಗೆ ಕಾದ ಆಲ್ಟರ್ನೇಟರ್ ತಣ್ಣಗಿದ್ದಾಗಿನಷ್ಟು ಕೊಡುವುದಿಲ್ಲ. ಮಾರುವವರು ಹೇಳುವುದು ಸಾಮಾನ್ಯವಾಗಿ ತಣ್ಣಗಿನದನ್ನೇ. ಪುಲ್ಲಿಯನ್ನು ಚಿಕ್ಕದು ಮಾಡಿಸಿದರೆ ನಿಂತಾಗಲೂ ಜೋರಾಗಿ ತಿರುಗಿ ಹೆಚ್ಚು ಕೊಡುತ್ತದೆ ನಿಜ. ಆದರೆ ಚಿಕ್ಕ ಪುಲ್ಲಿಯನ್ನು ಬೆಲ್ಟು ತಬ್ಬಿಕೊಳ್ಳುವ ಜಾಗವೂ ಕಡಿಮೆ. ತಬ್ಬುಗೆ ಸಡಿಲವಾದರೆ ಏನಾಗುತ್ತದೆಂದು ಹಂತ 4ರಲ್ಲಿ ಹೇಳಲಾಗಿದೆ.

ಹಂತ 3: ಖರೀದಿ

ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ. ಬೆಳಗ್ಗೆ ಬೇಗ ಹೋದರೆ ನಿಲ್ಲಿಸಲು ಜಾಗ ಸಿಗುತ್ತದೆ, ಬೋಣಿ ವ್ಯಾಪಾರದ ದಾಕ್ಷಿಣ್ಯವೂ ಸಿಗುತ್ತದೆ. ಹಳೆಯ ಡೈನಮೊವನ್ನು ಚೀಲದಲ್ಲಿ ಹಾಕಿಕೊಂಡು ಹೋಗುವುದು ಮುಖ್ಯ. ಬ್ರಾಕೆಟ್ಟಿನ ಅಳತೆ ಬಾಯಲ್ಲಿ ಹೇಳಲು ಬರುವುದಿಲ್ಲ. ನಾನು ಬಾಯಲ್ಲೇ ಹೇಳಿದೆ.

“ಎಷ್ಟು ಆಂಪ್ಸ್ ಬೇಕು ಸಾರ್?”

“ದೊಡ್ಡದು ಕೊಡಿ.”

“ಗಾಡಿ ಯಾವುದು?”

“ಅಂಬಾಸಿಡರ್.”

ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹಳೇ ಕಾರಿನ ಮೇಲೆ ಪ್ರೀತಿ, ಕೈಯಲ್ಲಿ ದುಡ್ಡು, ತಲೆಯಲ್ಲಿ ಏನೂ ಇಲ್ಲ, ಮೂರೂ ಅವರಿಗೆ ಒಂದೇ ನೋಟಕ್ಕೆ ಕಂಡಿರಬೇಕು. “ಸಾರ್, ನೂರಿಪ್ಪತ್ತರದು ಒಂದಿದೆ. ಡೀಸೆಲ್ ಗಾಡೀದು, ರೀಕಂಡಿಷನ್ನು. ಹಾಕ್ಸಿ ಮರೆತುಬಿಡಿ.”

ಹಾಕಿಸಿದೆ. ಮರೆಯಲು ಇವತ್ತಿಗೂ ಆಗಿಲ್ಲ.

ತಾವು ಹೀಗೆ ಮಾಡಬೇಡಿ. ಎರಡೂ ಸಂಖ್ಯೆ ಬರೆದ ಚೀಟಿ ಇರುವುದನ್ನು, ದೇಶದ ಯಾವ ಊರಿನಲ್ಲೂ ಬೇರಿಂಗು ಕಾರ್ಬನ್ನು ಸಿಗುವಂಥ ಸಾಮಾನ್ಯ ಕಾರಿನದನ್ನು ಕೇಳಿ. ಚೀಟಿಯನ್ನು ಉಜ್ಜಿ ಅಳಿಸಿದ್ದರೆ ಕೆಳಗಿಡಿ. ಶಾಫ್ಟನ್ನು ಕೈಯಿಂದ ತಿರುಗಿಸಿ: ಹಿಟ್ಟಿನ ಗಿರಣಿಯ ಸದ್ದು ಬಂದರೆ ಬೇರಿಂಗು ಹೋಗಿದೆ. ರೀಕಂಡಿಷನ್ ಎಂಬ ಪದಕ್ಕೆ ಬಣ್ಣ ಬಳಿದದ್ದು ಎಂಬ ಅರ್ಥವೂ ಇದೆ.

ಹಂತ 4: ಬೆಲ್ಟು

ಅಂಬಾಸಿಡರಿನಲ್ಲಿ ಒಂದೇ ಒಂದು ವಿ-ಬೆಲ್ಟು ಮೂವರನ್ನು ಸಾಕುತ್ತದೆ: ರೇಡಿಯೇಟರ್ ಫ್ಯಾನು, ವಾಟರ್ ಪಂಪು, ಡೈನಮೊ. ಒಬ್ಬ ಸಂಪಾದಿಸುವ ಕೂಡು ಕುಟುಂಬ. ಅದರೊಳಕ್ಕೆ 120 ಆಂಪಿಯರಿನ ಅಳಿಯನನ್ನು ತಂದು ಕೂರಿಸಿದರೆ ಏನಾಗುತ್ತದೆ, ಲೆಕ್ಕ ಹಾಕೋಣ. 120 ಆಂಪಿಯರನ್ನು 14 ವೋಲ್ಟಿನಿಂದ ಗುಣಿಸಿದರೆ 1680 ವ್ಯಾಟು. ಆಲ್ಟರ್ನೇಟರ್ ತಿಂದದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಮಾತ್ರ ಕರೆಂಟಾಗಿ ಕೊಡುತ್ತದೆ, ಉಳಿದದ್ದು ಶಾಖ. ಹಾಗಾಗಿ ಅದು ಬೆಲ್ಟಿನಿಂದ ಎಳೆಯುವುದು ನಾಲ್ಕಕ್ಕೂ ಹೆಚ್ಚು ಕುದುರೆ ಶಕ್ತಿ. ನಮ್ಮ ಇಂಜಿನ್ನಿನ ಲಾಯದಲ್ಲಿ ಹೊಸದರಲ್ಲಿ ಸುಮಾರು ಐವತ್ತು ಕುದುರೆಗಳಿದ್ದವು. ಈಗ ಎಷ್ಟು ಬದುಕಿವೆಯೋ, ಎಣಿಸಲು ಹೋಗಿಲ್ಲ. ನಾಲ್ಕು ಕುದುರೆ ಹೋದದ್ದು ದೊಡ್ಡ ಮಾತಲ್ಲ. ಆ ನಾಲ್ಕನ್ನೂ ಬೆರಳಗಲದ ಒಂದು ರಬ್ಬರ್ ಪಟ್ಟಿ ಎಳೆಯಬೇಕಲ್ಲ, ಅದು ಮಾತು. ಹೊಸ ಕಾರುಗಳಲ್ಲಿ ಅಗಲವಾದ, ಗೆರೆಗೆರೆ ಬೆಲ್ಟು ಇರುವುದು ಇದಕ್ಕೇ. ನನ್ನ ನೂರಿಪ್ಪತ್ತರದಕ್ಕೂ ಗೆರೆ ಪುಲ್ಲಿಯೇ ಇತ್ತು. ಲೇತ್ ಅಂಗಡಿಯಲ್ಲಿ ಅದನ್ನು ತೆಗೆಸಿ ವಿ-ಪುಲ್ಲಿ ಹಾಕಿಸಿ, ಅಳಿಯನನ್ನು ಮನೆಗೆ ಹೊಂದಿಸಿದೆನೆಂದು ಬೀಗಿದೆ.

ಮೊದಲ ದಿನ ಬ್ಯಾಟರಿ ಅರ್ಧ ಇಳಿದಿತ್ತು. ಸ್ಟಾರ್ಟ್ ಮಾಡಿದ ತಕ್ಷಣ ಆಲ್ಟರ್ನೇಟರ್ ತನ್ನ ಪೂರ್ತಿ ಬಲ ತೋರಿಸಲು ಹೊರಟಿತು. ಬೆಲ್ಟು ಕಿರುಚಿದ ಕಿರುಚಿಗೆ ಎದುರುಮನೆಯ ಅಜ್ಜಿ ಬಾಗಿಲಿಗೆ ಬಂದು “ಏನನ್ನಾದ್ರೂ ತುಳಿದ್ರಾ?” ಎಂದರು. ಬೆಲ್ಟನ್ನು ಬಿಗಿ ಮಾಡಿದೆ. ಇನ್ನೂ ಬಿಗಿ ಮಾಡಿದೆ. ವಾಟರ್ ಪಂಪಿನ ಬೇರಿಂಗು ನರಳತೊಡಗಿತು. ಸ್ವಲ್ಪ ಸಡಿಲ ಬಿಟ್ಟೆ. ಆಮೇಲೆ ಊರಿಗೆ ಹೊರಟಾಗ, ದಾಬಸ್‌ಪೇಟೆಯ ಹತ್ತಿರ, ಎಡಗಡೆ ಶಿವಗಂಗೆ ಬೆಟ್ಟ ಮೋಡದಲ್ಲಿ ಮುಖ ತೊಳೆಯುತ್ತಿರುವಾಗ, ನಮ್ಮ ಬಾನೆಟ್ಟಿನಿಂದಲೂ ಮೋಡ ಎದ್ದಿತು. ಬೆಲ್ಟು ಜಾರಿದರೆ ಆಲ್ಟರ್ನೇಟರ್ ಒಂದೇ ನಿಲ್ಲುವುದಿಲ್ಲ, ನೀರೂ ನಿಲ್ಲುತ್ತದೆ, ಫ್ಯಾನೂ ನಿಲ್ಲುತ್ತದೆ. ಹೆಂಡತಿ ಎ.ಸಿ.ಯ ಗಾಳಿಕಿಂಡಿಯನ್ನೇ ನೋಡುತ್ತಾ ಕೂತಿದ್ದಳು. ಒಂದು ಮಾತೂ ಆಡಲಿಲ್ಲ. ಆ ಮೌನವೂ ನೂರಿಪ್ಪತ್ತು ಆಂಪಿಯರಿನದೇ.

ಆದ್ದರಿಂದ: ಒಂಟಿ ವಿ-ಬೆಲ್ಟಿನ ಗಾಡಿಗೆ 70, 80 ಆಂಪಿಯರಿನ ಆಚೆಗೆ ಆಸೆಪಡಬೇಡಿ. ಮೂರು ಪುಲ್ಲಿಗಳೂ ಒಂದೇ ಗೆರೆಯಲ್ಲಿವೆಯೇ ಎಂದು ಸ್ಕೇಲು ಇಟ್ಟು ನೋಡಿ. ಉದ್ದನೆಯ ಓಟದ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಬೆಲ್ಟು ಅರ್ಧ ಇಂಚು ಬಗ್ಗಬೇಕು (ಚಿತ್ರ ನೋಡಿ).

ಹಂತ 0: ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು

ಈ ಹಂತ ಇಲ್ಲಿ ಬಂದಿರುವುದು ಅಚ್ಚಿನ ದೋಷವಲ್ಲ. ನನಗೆ ಇದು ಇದೇ ಜಾಗದಲ್ಲಿ ತಿಳಿದದ್ದು.

ಕುದಿದ ಗಾಡಿಯನ್ನು ಹೇಗೋ ತಿಪಟೂರಿಗೆ ಮುಟ್ಟಿಸಿ ಮೇಸ್ತ್ರಿಯನ್ನು ಕರೆಸಿದೆ. ಅಪ್ಪನ ಕಾಲದಿಂದಲೂ ಈ ಗಾಡಿಯ ನಾಡಿ ಹಿಡಿದವರು. ಅವರು ಬಾನೆಟ್ ಎತ್ತಲಿಲ್ಲ. ಸೀದಾ ಒಳಗೆ ಕೂತು ಸೆಲ್ಫ್ ಹೊಡೆಯಲು ಹೇಳಿ, ಚೋಕಿನ ಗುಂಡಿಯನ್ನು ಬೆರಳಲ್ಲಿ ಮುಟ್ಟಿದರು.

“ಸ್ವಾಮಿ, ಇದು ಬಿಸಿ ಆಗ್ತಾ ಇತ್ತಾ?”

ಆಗುತ್ತಿತ್ತು. ಎರಡು ವರ್ಷದಿಂದ ಆಗುತ್ತಿತ್ತು. ಹಳೇ ಗಾಡಿ ಅಲ್ಲವೇ, ಎಲ್ಲೋ ಇಂಜಿನ್ನಿನ ಶಾಖ ಬರುತ್ತದೆ ಎಂದುಕೊಂಡಿದ್ದೆ.

ವಿಷಯ ಇಷ್ಟು. ಇಂಜಿನ್ನು ರಬ್ಬರ್ ಗಟ್ಟಿಗಳ ಮೇಲೆ ಕೂತಿರುತ್ತದೆ. ರಬ್ಬರು ಕರೆಂಟು ಬಿಡುವುದಿಲ್ಲ. ಆದ್ದರಿಂದ ಇಂಜಿನ್ನಿನಿಂದ ಬಾಡಿಗೆ ಹೆಣೆದ ತಾಮ್ರದ ಒಂದು ಪಟ್ಟಿ ಹಾಕಿರುತ್ತಾರೆ, ಅರ್ತ್ ಪಟ್ಟಿ. ನಮ್ಮದರಲ್ಲಿ ಅದು ಪಾಚಿಗಟ್ಟಿ, ನಾಲ್ಕೆಳೆ ಉಳಿದು, ಕೊನೆಗೆ ಅದೂ ಬಿಟ್ಟಿತ್ತು. ಸೆಲ್ಫ್ ಹೊಡೆದಾಗ ಹರಿಯುವ ನೂರಾರು ಆಂಪಿಯರಿಗೆ ವಾಪಸು ಹೋಗಲು ದಾರಿ ಬೇಕಲ್ಲ? ಅದು ಚೋಕಿನ ತಂತಿಯನ್ನು ಹಿಡಿದುಕೊಂಡು ಹೋಗುತ್ತಿತ್ತು. ಹೆದ್ದಾರಿ ಕಿತ್ತುಹೋದಾಗ ಲಾರಿಗಳೆಲ್ಲ ನಮ್ಮ ಹಿತ್ತಿಲ ಕಾಲುದಾರಿಯಲ್ಲಿ ನುಗ್ಗಿದ ಹಾಗೆ. ಆಲ್ಟರ್ನೇಟರ್ ಹುಟ್ಟಿಸಿದ ಕರೆಂಟು ಬ್ಯಾಟರಿಗೆ ಸೇರಬೇಕಾದರೂ ಅದೇ ಕಾಲುದಾರಿ. 22 ಹುಟ್ಟಿದರೂ ಸೇರುತ್ತಿರಲಿಲ್ಲ, 120 ಹುಟ್ಟಿದರೂ ಸೇರುತ್ತಿರಲಿಲ್ಲ.

“ದೊಡ್ಡ ಸಾಹುಕಾರ್ರು ಇದ್ದಿದ್ರೆ ಮೊದ್ಲು ಇದನ್ನ ಕೇಳ್ತಿದ್ರು” ಎಂದರು ಮೇಸ್ತ್ರಿ. ಹೊಸ ಪಟ್ಟಿಗೆ ಅವರು ತೆಗೆದುಕೊಂಡ ದುಡ್ಡು ದಾಬಸ್‌ಪೇಟೆಯಲ್ಲಿ ನಾವು ಕಾಯುತ್ತಾ ತಿಂದ ತಟ್ಟೆ ಇಡ್ಲಿಗಿಂತ ಕಡಿಮೆ.

ತಾವು ಮಾಡಬೇಕಾದದ್ದು: ಒಂದು ಮಲ್ಟಿಮೀಟರ್ ಕೊಳ್ಳಿ. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಅಂದರೆ ಅರ್ಧ. 12 ಅಂದರೆ ದೇವರೇ ಗತಿ. ಇಂಜಿನ್ನು ಓಡುವಾಗ 13.8ರಿಂದ 14.4ರ ನಡುವೆ ಇರಬೇಕು. ಆಮೇಲೆ ಲೈಟು ಹಾಕಿ, ಇಂಜಿನ್ನಿನ ವೇಗ ಸ್ವಲ್ಪ ಏರಿಸಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಭೂಮಿಗೆ ಜೋಡಿಸಿದ ಕಂಬಕ್ಕೆ, ಇನ್ನೊಂದನ್ನು ಇಂಜಿನ್ನಿನ ಬರಿಮೈಗೆ ಇಡಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಜೆ.ಸಿ. ರಸ್ತೆಗೆ ಹೋಗುವ ಅಗತ್ಯವಿಲ್ಲ, ಒಂದು ಸ್ಪ್ಯಾನರ್ ಮತ್ತು ಉಪ್ಪುಕಾಗದ ಸಾಕು. ಈ ಪರೀಕ್ಷೆಯಲ್ಲೇ ಅರ್ಧಕ್ಕರ್ಧ ಓದುಗರ ಸಮಸ್ಯೆ ಮುಗಿದು, ಅವರು ಕೈಪಿಡಿ ಮುಚ್ಚಿಡುತ್ತಾರೆಂಬುದು ನನ್ನ ಗುಮಾನಿ. ಉಳಿದವರು ಮುಂದೆ ಓದಿ.

ಹಂತ 5: ವೈರು, ಮತ್ತು ಒಂದು ಪುಟ್ಟ ಕೆಂಪು ಬಲ್ಬು

ಡೈನಮೊದ ಹಳೇ ವೈರಿಗೆ ಆಲ್ಟರ್ನೇಟರ್ ಜೋಡಿಸುವುದೆಂದರೆ ಬೋರ್‌ವೆಲ್ಲಿನ ನೀರನ್ನು ಸಲೈನ್ ಕೊಳವೆಯಲ್ಲಿ ಬಿಟ್ಟಂತೆ. 75 ಆಂಪಿಯರಿಗೆ 16 ಚದರ ಮಿಲಿಮೀಟರಿನ ತಾಮ್ರದ ವೈರು, ಎರಡು ತುದಿಗೂ ಒತ್ತಿ ಕೂರಿಸಿದ ಲಗ್ಗು, ಬ್ಯಾಟರಿಯ ಹತ್ತಿರ ಒಂದು 100 ಆಂಪಿಯರಿನ ಫ್ಯೂಸು. ಟೇಪು ಸುತ್ತುವ ಎಲೆಕ್ಟ್ರಿಷಿಯನ್ನನ ಕೈಯಿಂದ ಟೇಪು ಕಿತ್ತುಕೊಳ್ಳಿ. ಡ್ಯಾಶ್‌ಬೋರ್ಡಿನಲ್ಲಿ ಅಮ್ಮೀಟರ್ ಇರುವ ಹಳೇ ಜೀಪಿನವರಿಗೆ ವಿಶೇಷ ಸೂಚನೆ: ಚಾರ್ಜಿನ ಕರೆಂಟೆಲ್ಲ ಅದರ ಹೊಟ್ಟೆಯ ಮೂಲಕವೇ ಹೋಗುತ್ತದೆ. 30 ಆಂಪಿಯರಿನವರೆಗೆ ಗೆರೆ ಎಳೆದ ಮೀಟರಿನಲ್ಲಿ 75 ಹರಿಸಿದರೆ ಮುಳ್ಳು ಮೂಲೆಗೆ ಬಡಿದು, ಆಮೇಲೆ ಹೊಗೆ. ಅದನ್ನು ಬದಿಗಿಟ್ಟು ವೋಲ್ಟ್‌ಮೀಟರ್ ಹಾಕಿಸಿ.

ಡೈನಮೊದ ಜೊತೆಗಾರನಾಗಿದ್ದ ಕಟೌಟ್ ಡಬ್ಬಿಗೆ ಇನ್ನು ಕೆಲಸವಿಲ್ಲ. ಆಲ್ಟರ್ನೇಟರಿನ ರೆಗ್ಯುಲೇಟರ್ ಅದರ ಬೆನ್ನಲ್ಲೇ ಇರುತ್ತದೆ. ಡಬ್ಬಿಯನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ನಿವೃತ್ತರಾದ ಗುಮಾಸ್ತರು ಮಧ್ಯಾಹ್ನ ಆಫೀಸಿಗೆ ಬಂದು ಕೂರುವುದಿಲ್ಲವೇ, ಹಾಗೆ.

ಡ್ಯಾಶ್‌ಬೋರ್ಡಿನ ಕೆಂಪು ದೀಪದ ಬಗ್ಗೆ ಎಚ್ಚರ. ಅನೇಕ ಆಲ್ಟರ್ನೇಟರುಗಳಲ್ಲಿ ಅದು ಬರೀ ಸೂಚನೆಯಲ್ಲ, ಆ ಎರಡು ವ್ಯಾಟಿನ ಬಲ್ಬಿನ ಮೂಲಕ ಹರಿಯುವ ಚಿಟಿಕೆ ಕರೆಂಟೇ ಒಳಗಿನ ಅಯಸ್ಕಾಂತವನ್ನು ಎಬ್ಬಿಸುವುದು. ಹೆಪ್ಪು ಹಾಕಿದ ಹಾಗೆ. ಬಲ್ಬು ಸುಟ್ಟರೆ ಹೆಪ್ಪಿಲ್ಲ, ಹಾಲು ಹಾಲಾಗಿಯೇ ಉಳಿಯುತ್ತದೆ. ನನ್ನ ಮಗಳು ಅಪ್ಪನಿಗೆ ಸಹಾಯವಾಗಲೆಂದು ಡ್ಯಾಶಿನ ಬಲ್ಬುಗಳನ್ನೆಲ್ಲ ಎಲ್‌ಇಡಿ ಮಾಡಿ ಕೊಟ್ಟಳು. ದೀಪ ಚೆಂದವಾಗಿ ಹತ್ತಿತು, ಆಲ್ಟರ್ನೇಟರ್ ಮಾತ್ರ ಏಳಲಿಲ್ಲ. ಎಲ್‌ಇಡಿ ಬಿಡುವ ಕರೆಂಟು ಅಷ್ಟಕ್ಕೆ ಸಾಲದು. ಹಳೇ ಬಲ್ಬನ್ನು ಕಸದ ಬುಟ್ಟಿಯಿಂದ ಹುಡುಕಿ ತೆಗೆದೆವು.

ಮಾಡಬಾರದ್ದು

ಇಂಜಿನ್ನು ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ಕಿತ್ತು “ನೋಡಿ, ಗಾಡಿ ನಿಲ್ಲಲಿಲ್ಲ, ಚಾರ್ಜಿಂಗ್ ಸರಿ ಇದೆ” ಎಂದು ತೋರಿಸುವ ಪಂಡಿತರನ್ನು ಬಾನೆಟ್ಟಿನ ಹತ್ತಿರ ಸೇರಿಸಬೇಡಿ. ಅದು ಡೈನಮೊ ಕಾಲದ ವಿದ್ಯೆ. ಬ್ಯಾಟರಿ ಇಲ್ಲದ ಆಲ್ಟರ್ನೇಟರಿನಲ್ಲಿ ವೋಲ್ಟೇಜು ಹಾರಿ ಡಯೋಡು, ರೆಗ್ಯುಲೇಟರು ಒಟ್ಟಿಗೆ ಹೋಗುತ್ತವೆ. ಗಾಡಿಯ ಮೈಗೆ ವೆಲ್ಡಿಂಗ್ ಮಾಡಿಸುವಾಗ ಆಲ್ಟರ್ನೇಟರಿನ ವೈರು ಬಿಚ್ಚಿ. ಬ್ಯಾಟರಿ ಪೂರ್ತಿ ಸತ್ತ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡಿ, ಊರು ಸುತ್ತಿ ಚಾರ್ಜ್ ಮಾಡುತ್ತೇನೆಂದು ಹೊರಡಬೇಡಿ. ಆಲ್ಟರ್ನೇಟರ್ ಇರುವುದು ಖರ್ಚು ನಿಭಾಯಿಸಲು, ದಿವಾಳಿ ಎತ್ತಿದವರನ್ನು ಉದ್ಧಾರ ಮಾಡಲು ಅಲ್ಲ. ಆ ಬ್ಯಾಟರಿಯನ್ನು ಅಂಗಡಿಯಲ್ಲಿ ಒಂದು ರಾತ್ರಿ ಚಾರ್ಜಿಗಿಡಿ.

ಅಂತಿಮ ಪರೀಕ್ಷೆ

ಕೊನೆಗೆ ನಮ್ಮ ಗಾಡಿಗೆ ಬಂದದ್ದು 45/75ರದು. 120ರದು ಈಗ ತಿಪಟೂರಿನ ಉಗ್ರಾಣದಲ್ಲಿದೆ, ಗಾಳಿಗೆ ಬಡಿದುಕೊಳ್ಳುತ್ತಿದ್ದ ಬಾಗಿಲಿಗೆ ಆನಿಸಿಟ್ಟಿದ್ದಾರೆ. ಅಮ್ಮನಿಗೆ ಅದು ತುಂಬ ಹಿಡಿಸಿದೆ, “ಒಳ್ಳೇ ಭಾರ ಇದೆ” ಅನ್ನುತ್ತಾಳೆ.

ಪರೀಕ್ಷೆಯನ್ನು ಮನೆಯ ಮುಂದೆ ಮಾಡಬೇಡಿ. ಶುಕ್ರವಾರ ರಾತ್ರಿ, ಮಳೆ ಬರುವ ದಿನ ನೋಡಿ, ಗೊರಗುಂಟೆಪಾಳ್ಯಕ್ಕೆ ಹೋಗಿ ನಿಲ್ಲಿ. ಎಲ್ಲವನ್ನೂ ಹಾಕಿ: ಹೆಡ್‌ಲೈಟ್, ವೈಪರ್, ಎ.ಸಿ., ಹಾಡು. ವೋಲ್ಟ್‌ಮೀಟರ್ ನೋಡಿ.

ನಮ್ಮದು ಹೊರಟಾಗ 14 ಇದ್ದದ್ದು ಸಿಗ್ನಲಿನಲ್ಲಿ ನಿಧಾನವಾಗಿ ಇಳಿಯತೊಡಗಿತು. 13. 12.8. 12.6. ಖರ್ಚು 50, ಆದಾಯ 45. ಮುಳ್ಳಿಗೆ ಸುಳ್ಳು ಹೇಳಲು ಬರುವುದಿಲ್ಲ. ಮುಂದೆ ಲಾರಿಯ ಹಿಂಬದಿ, ಹಿಂದೆ ಬಸ್ಸಿನ ಹಾರನ್ನು, ಎಲ್ಲೂ ಕದಲುವ ಲಕ್ಷಣವಿಲ್ಲ. ಚೋಕಿನ ಗುಂಡಿ ಮುಟ್ಟಿದೆ, ತಣ್ಣಗಿತ್ತು. ಆಗ ನನ್ನ ಕೈ, ನಾನು ಹೇಳದೆಯೇ, ಹೆಡ್‌ಲೈಟಿನ ಸ್ವಿಚ್ಚಿಗೆ ಹೋಯಿತು. ಪಾರ್ಕಿಂಗ್ ದೀಪ ಮಾತ್ರ ಉಳಿಯಿತು. ಒಂಬತ್ತು ಆಂಪಿಯರ್ ಉಳಿತಾಯ. ಮುಳ್ಳು ಒಂದು ಕ್ಷಣ ಅಲುಗಾಡಿ ಮೇಲೇರಿ 13.4ರಲ್ಲಿ ನಿಂತಿತು.

“ಯಾಕಪ್ಪಾ ಲೈಟ್ ಆರಿಸ್ದೆ?” ಎಂದಳು ಹಿಂದಿನ ಸೀಟಿನಿಂದ ಮಗಳು. “ತಾತನ ಥರ ಜಿಪುಣ ಆಗ್ತಿದ್ದೀಯ.”